ಚಿಗವ್ವನೂ ನನ್ನ ಎದೆ ಭಾಷಣವೂ

ರೋಣದ ಸಂತೆಯಲ್ಲಿ ಚಳಿಗಾಲದ ಮೊದಲ ಹಕ್ಕರಕಿ ಸೊಪ್ಪು ಕಣ್ಣಿಗೆ ಬಿದ್ದ ದಿನ ನನಗೆ ತರಬೇಕಾದ ಉಳಿದ ಸಾಮಾನೆಲ್ಲ ಮರೆತುಹೋಗುತ್ತದೆ. ಈ ವರ್ಷವೂ ಹಾಗೇ ಆಯಿತು. ಬಟಾಟೆ ತರುತ್ತೇನೆಂದು ಹೋದವಳು ಐದು ಸಿವುಡು ಹಕ್ಕರಕಿ ಹಿಡಿದುಕೊಂಡು ಮನೆಗೆ ಬಂದೆ. ನಮ್ಮ ಮನೆಯವರು ಚೀಲದೊಳಗೆ ಇಣುಕಿದರು, ನನ್ನ ಮುಖ ನೋಡಿದರು, ಸುಮ್ಮನೆ ಎದ್ದು ಚಪ್ಪಲಿ ಮೆಟ್ಟಿಕೊಂಡು ತಾವೇ ಬಟಾಟೆಗೆ ಹೋದರು. ಸಂಸಾರ ಹಳೆಯದಾದರೆ ಇದೊಂದು ಅನುಕೂಲ.

ನಿಮಗೆ ಹಕ್ಕರಕಿ ಗೊತ್ತಿಲ್ಲದಿದ್ದರೆ ಅದು ನಿಮ್ಮ ತಪ್ಪಲ್ಲ, ನಿಮ್ಮ ಕಡೆಯ ಮಣ್ಣಿನ ತಪ್ಪು. ಎರೆಹೊಲದಲ್ಲಿ ಬೆಳೆಯ ಸಾಲುಗಳ ನಡುವೆ, ಯಾರೂ ಬಿತ್ತದೆ, ನೆಲಕ್ಕೆ ಕಚ್ಚಿಕೊಂಡು ಬೆಳೆಯುವ ಸೊಪ್ಪು ಅದು. ಅಡುಗೆ ಮಾಡುವ ಗೊಡವೆಯೇ ಇಲ್ಲ. ತೊಳೆದು ಹಸಿಯಾಗಿ ರೊಟ್ಟಿಯ ಜೊತೆ ಕಚ್ಚಿಕೊಂಡು ತಿನ್ನುವುದು. ಪಕ್ಕದಲ್ಲಿ ಶೇಂಗಾ ಚಟ್ನಿ, ಅದರ ಮೇಲೆ ಗಟ್ಟಿ ಮೊಸರು ಇದ್ದರೆ ಮಾತು ಬಂದ್.

ಈ ಸೊಪ್ಪನ್ನು ನೋಡಿದರೆ ನನಗೆ ನೆನಪಾಗುವವಳು ನಮ್ಮ ಚಿಗವ್ವ. ಅಂದರೆ ನನ್ನ ಅಪ್ಪನ ತಮ್ಮನ ಹೆಂಡತಿ ಈರವ್ವ. ಗಜೇಂದ್ರಗಡದಲ್ಲಿ ನಮ್ಮದು ಸೀರೆ ನೇಯುವ ಮನೆತನ. ಪಡಸಾಲೆಯಲ್ಲಿ ಎರಡು ಕುಣಿಮಗ್ಗ. ಒಂದರ ಕುಣಿಯಲ್ಲಿ ಅಪ್ಪ ಕಾಲು ಇಳಿಬಿಟ್ಟು ಕೂರುತ್ತಿದ್ದರು, ಇನ್ನೊಂದರಲ್ಲಿ ಚಿಗವ್ವನ ಗಂಡ, ನಮ್ಮ ಕಾಕಾ. ನಾನು ಒಂದನೆಯ ಇಯತ್ತೆಗೆ ಹೋಗುತ್ತಿದ್ದಾಗ ಚಿಗವ್ವ ಚಿಕ್ಕನರಗುಂದದಿಂದ ಸೊಸೆಯಾಗಿ ಬಂದಳು. ಹೊಲದ ಮನೆಯ ಹುಡುಗಿ. ಮಗ್ಗವೆಂದರೆ ಏನೆಂದು ಗೊತ್ತಿರಲಿಲ್ಲ. ನಮಗೋ ಹೊಲವೆಂದರೆ ಏನೆಂದು ಗೊತ್ತಿರಲಿಲ್ಲ. ಅವಳು ನಮ್ಮಿಂದ ನೂಲು ಸುತ್ತುವುದನ್ನು ಕಲಿತಳು, ನಾವು ಅವಳಿಂದ ತಿನ್ನುವುದನ್ನು ಕಲಿತೆವು. ಲಾಭ ಯಾರಿಗೆ ಹೆಚ್ಚಾಯಿತೆಂದು ನನ್ನ ಮೈ ನೋಡಿದವರಿಗೆ ಹೇಳಬೇಕಾಗಿಲ್ಲ.

ಅವಳ ಊಟಕ್ಕೆ ಒಂದೇ ಕಾಯಿದೆ: ಹೊಲದಲ್ಲಿ ಈಗ ಏನಿದೆಯೋ ಅದೇ ಗಂಗಾಳದಲ್ಲಿ. ಮಳೆಗಾಲಕ್ಕೆ ಪುಂಡಿಪಲ್ಯ. ಚಳಿ ಬಿದ್ದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಳೆಯ ಜೋಳದ ತೆನೆ ಸುಟ್ಟು ಬಡಿದ ಸೀತನಿ, ಗಿಡದಿಂದ ಕಿತ್ತ ಹಸಿ ಕಡಲೆ. ನಾವು ಅದಕ್ಕೆ ಸುಲಗಾಯಿ ಎನ್ನುತ್ತೇವೆ. ಬೇಸಿಗೆಗೆ ಅಂಬಲಿ, ಮಜ್ಜಿಗೆ, ಹಸಿ ಉಳ್ಳಾಗಡ್ಡಿ. ಒಮ್ಮೆ ಅಪ್ಪ ಬಿರುಬೇಸಿಗೆಯಲ್ಲಿ ಎಲ್ಲಿಂದಲೋ ಹೂಕೋಸು ತಂದಾಗ ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಯಾರ ಮನೆಯ ಬಸುರಿಯ ಬಯಕೆ ಇದು ಎಂದು ಮೆತ್ತಗೆ ಕೇಳಿದ್ದಳು. ಅಪ್ಪ ಆಮೇಲೆ ಅವಳನ್ನು ಕೇಳದೆ ಸಂತೆಗೆ ಹೋಗಲಿಲ್ಲ.

ನಾನು ಓದಿ, ರೋಣದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದೆ. ನಮ್ಮ ಕಡೆ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಅಕ್ಕೋರಾದ ಮೇಲೆ ಬುದ್ಧಿ ಬರುವುದು ಸಹಜ. ಮೊಬೈಲು ನೋಡಿ ಓಟ್ಸ್ ತರಿಸಿದೆ. ಯಾವುದೋ ದೇಶದ ಸಣ್ಣ ಕಪ್ಪು ಬೀಜ ತರಿಸಿ, ನೀರಿನಲ್ಲಿ ನೆನೆಸಿಟ್ಟು ಚಿಗವ್ವನಿಗೆ ತೋರಿಸಿದೆ. ಅವಳು ನೋಡಿ, ಇದು ನಮ್ಮ ತುಳಸಿಕಟ್ಟೆಯ ಹಿಂದೆ ಬೆಳೆಯುವ ಕಾಮಕಸ್ತೂರಿಯ ತಂಗಿಯೇನು ಎಂದು ಕೇಳಿ, ಒಂದು ಚಮಚ ತಿಂದು, ನನ್ನ ಸಮಾಧಾನಕ್ಕೆ ಚಲೋ ಐತಿ ಎಂದಳು.

ಇಷ್ಟೆಲ್ಲ ಏಕೆ ಹೇಳಿದೆನೆಂದರೆ, ಊಟದ ವಿಷಯದಲ್ಲಿ ನಾನು ಭಾಷಣ ಮಾಡಬಲ್ಲೆ ಎಂಬ ಭ್ರಮೆ ನನಗೆ ಬಂದದ್ದು ಹೀಗೆ. ಅದೇ ಭ್ರಮೆ ಗಜೇಂದ್ರಗಡದ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಶಕುಂತಲಾಗೂ ಇತ್ತು. ಎರಡು ವರ್ಷದ ಹಿಂದೆ, ದಸರೆ ಮುಗಿದ ವಾರ, ಓಣಿಯ ಹೆಣ್ಣುಮಕ್ಕಳ ಸಂಘದಲ್ಲಿ ನನ್ನ ಭಾಷಣ ಇಟ್ಟಳು. ವಿಷಯ: ಸ್ತನ ಕ್ಯಾನ್ಸರ್ ಅರಿವು ಮತ್ತು ಆಯಾ ಕಾಲದ ಆಹಾರ. ನಾನು ಅವಳು ಕೊಟ್ಟ ಹಾಳೆಗಳನ್ನೆಲ್ಲ ಓದಿ, ಎರಡು ಪುಟ ಬರೆದುಕೊಂಡು, ಅಡುಗೆಮನೆಯಲ್ಲಿ ಕುಕ್ಕರಿನ ಮುಂದೆ ನಿಂತು ಎರಡು ಸಲ ಮಾತಾಡಿ ನೋಡಿಕೊಂಡೆ. ಕುಕ್ಕರಿನ ಮುಂದೆ ಎಲ್ಲ ಸರಿಯಾಗಿತ್ತು.

ಸಭೆಗೆ ಹೋದರೆ ಅಲ್ಲಿ ಮೈಕು ಇತ್ತು. ಹಿಂದೆ ಕುಳಿತವರಿಗೂ ಕೇಳಲೆಂದು ಶಕುಂತಲಾ ಧ್ವನಿವರ್ಧಕವನ್ನು ಕಿಟಕಿಯ ಮೇಲೆ ಏರಿಸಿದ್ದಳು. ಅದರ ಬಾಯಿ ಅರ್ಧ ಒಳಗೆ, ಅರ್ಧ ಓಣಿಗೆ. ಓಣಿಯ ಕಟ್ಟೆಯ ಮೇಲೆ ಗಂಡಸರು ಚಹಾ ಕುಡಿಯುತ್ತ ಕುಳಿತಿದ್ದರು. ಅವರಲ್ಲಿ ನಮ್ಮ ಕಾಕಾ ಇದ್ದರು, ನನಗೆ ಐದನೆಯ ಇಯತ್ತೆಯಲ್ಲಿ ಗಣಿತ ಕಲಿಸಿದ ಮಾಸ್ತರರೂ ಇದ್ದರು.

ಸ್ತನ ಎಂಬುದು ಪುಸ್ತಕದ ಮಾತು. ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ತಿಳಿಯಬೇಕಾದರೆ ಮೊಲೆ ಎನ್ನಬೇಕು. ಆ ಶಬ್ದ ನನ್ನ ಬಾಯಿಂದ ಹೊರಟು, ತಂತಿಯಲ್ಲಿ ಹಾದು, ಕಿಟಕಿ ದಾಟಿ, ಗಣಿತದ ಮಾಸ್ತರರ ಚಹಾದ ಬಟ್ಟಲಿಗೆ ಬೀಳುವುದನ್ನು ನೆನೆದೆ. ಬರೆದುಕೊಂಡ ಮೊದಲ ಪುಟವನ್ನು ಮಡಿಚಿದೆ. ತಾಯಂದಿರೇ, ನಿಮ್ಮ ಎದೆಯ ಭಾಗದಲ್ಲಿ ಏನಾದರೂ ವ್ಯತ್ಯಾಸ ಕಂಡರೆ ಅಲಕ್ಷ್ಯ ಮಾಡದೆ ವೈದ್ಯರಿಗೆ ತೋರಿಸಿ ಎಂದೆ. ಅಷ್ಟೇ. ಮುಂದಿನ ಸಾಲಿನ ಅಜ್ಜಿಯೊಬ್ಬಳು ಎದ್ದು, ಮೆಣಸಿನಕಾಯಿ ಬಜಿ ತಿಂದ ದಿನ ತನಗೆ ಎದೆ ಭಾಳ ಉರಿಯುತ್ತದೆ, ಇದು ಅದೇ ಏನು ಎಂದು ಕೇಳಿದಳು. ನನಗೆ ಜೀವ ಬಂದಂತಾಯಿತು. ಅಲ್ಲಿಂದ ಮಜ್ಜಿಗೆಗೆ ಹಾರಿದೆ, ಮಜ್ಜಿಗೆಯಿಂದ ಅಂಬಲಿಗೆ, ಅಂಬಲಿಯಿಂದ ಅಗಸಿ ಚಟ್ನಿಗೆ. ಮುಕ್ಕಾಲು ತಾಸು ಮಾತಾಡಿದೆ. ಚಪ್ಪಾಳೆ ಬಿದ್ದವು. ಚಿಗವ್ವ ಮೊದಲ ಸಾಲಿನಲ್ಲೇ ಕುಳಿತಿದ್ದಳು. ಪಕ್ಕದವಳಿಗೆ, ಇವಳು ನಮ್ಮ ಗಿರಿಜಾ, ನಾನೇ ಉಣಿಸಿ ಬೆಳೆಸಿದ್ದು ಎಂದು ಹೇಳುತ್ತಿದ್ದದ್ದು ನನಗೆ ಕೇಳಿಸಿತು.

ಇದಾದ ಮೇಲೆ ಎರಡು ತಿಂಗಳು ಸರಿದವು. ಎಳ್ಳಮವಾಸ್ಯೆ ಮುಗಿದಿತ್ತು. ಒಂದು ಭಾನುವಾರ ಗಜೇಂದ್ರಗಡಕ್ಕೆ ಹೋಗಿದ್ದೆ. ಚಿಗವ್ವ ಹಿತ್ತಲ ಬಿಸಿಲಿನಲ್ಲಿ ಕುಳಿತು ಸುಲಗಾಯಿ ಸುಲಿಯುತ್ತಿದ್ದಳು. ನಾನೂ ಎದುರಿಗೆ ಕುಳಿತೆ. ಅವಳು ಸುಲಿದು ಬುಟ್ಟಿಗೆ ಹಾಕುವುದು, ನಾನು ಬುಟ್ಟಿಯಿಂದ ಬಾಯಿಗೆ ಹಾಕಿಕೊಳ್ಳುವುದು, ಹಳೆಯ ಪದ್ಧತಿ. ಅವಳು ಒಂದು ದಪ್ಪ ಕಾಳನ್ನು ಎರಡು ಬೆರಳಲ್ಲಿ ಹಿಡಿದು ಬಿಸಿಲಿಗೆ ತೋರಿಸಿದಳು.

"ಇಷ್ಟ ಒಂದು ಗಂಟ ಆಗೇತಿ ನೋಡು ನನಗ. ಬ್ಯಾನಿ ಏನಿಲ್ಲ."

ಎಲ್ಲಿ ಎಂದೆ. ಅವಳು ಸೆರಗಿನೊಳಗೆ ಎಡಗಡೆಗೆ ಕೈಯಿಟ್ಟು ತೋರಿಸಿದಳು. ನನ್ನ ಬಾಯಲ್ಲಿದ್ದ ಕಾಳು ಅಲ್ಲೇ ನಿಂತಿತು. ಯಾವಾಗಿನಿಂದ ಎಂದು ಕೇಳಿದೆ. ದಸರೆಗೆ ಮುಂಚಿನಿಂದ ಎಂದಳು.

"ಮತ್ತ ಅವತ್ತ ನಾ ಅಷ್ಟೊತ್ತು ಭಾಷಣಾ ಮಾಡಿದ್ನಲ್ಲ ಚಿಗವ್ವಾ. ಆಗರೆ ಹೇಳಬೇಕಿಲ್ಲೇನು?"

"ನೀ ಎದಿ ಬಗ್ಗೆ ಹೇಳಿದಿ," ಎಂದಳು ಅವಳು. "ಇದು ಮೊಲಿ ಅಲ್ಲೇನು?"

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಹಾಗಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ನಾನು ಹೇಳಿದ್ದನ್ನು ಅವಳು ಅಕ್ಷರ ಅಕ್ಷರ ನಂಬಿದ್ದಳು. ತನ್ನ ಎದೆಗೆ ಏನೂ ಆಗಿಲ್ಲವೆಂದು ನೆಮ್ಮದಿಯಿಂದ ಇದ್ದಳು. ನಾನು ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಎರಡು ಸಲ ತೊಳೆದುಕೊಂಡೆ.

ಮರುದಿನ ರಜೆ ಹಾಕಿ ಅವಳನ್ನು ಊರ ದವಾಖಾನೆಗೆ ಕರೆದೊಯ್ದೆ. ಅಲ್ಲಿಯ ಡಾಕ್ಟರಮ್ಮ ಮುಟ್ಟಿ ನೋಡಿ, ಹೆಚ್ಚು ಮಾತಾಡದೆ ಹುಬ್ಬಳ್ಳಿಗೆ ಚೀಟಿ ಬರೆದರು. ಹುಬ್ಬಳ್ಳಿಯಲ್ಲಿ ಫೋಟೋ ತೆಗೆದರು, ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದರು. ವರದಿ ಬರುವ ತನಕದ ದಿನಗಳಲ್ಲಿ ನಾನು ಮಕ್ಕಳಿಗೆ ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಬಂದ ವರದಿ ನಾವು ಹೆದರಿದ್ದೇ ಆಗಿತ್ತು. ಕ್ಯಾನ್ಸರ್. ಆದರೆ ಗಂಟು ಇನ್ನೂ ಸಣ್ಣದಿತ್ತು, ಬೇರೆ ಕಡೆ ಹರಡಿರಲಿಲ್ಲ. ನಾನು ತಡೆಯಲಾರದೆ ನನ್ನ ಭಾಷಣದ ಕತೆಯನ್ನು ಆ ದೊಡ್ಡ ಡಾಕ್ಟರಿಗೆ ಹೇಳಿಕೊಂಡೆ. ಅವರು ನಮ್ಮ ಕಡೆಯವರೇ, ಹೆಣ್ಣುಮಗಳು. ಕೂದಲು ಬಿಟ್ಟುಕೊಂಡು ಅಳುವ ಹೊತ್ತಲ್ಲ ಇದು, ಮೂರು ತಿಂಗಳಿಗೆ ಬಂದಿರಿ, ಎರಡು ವರ್ಷಕ್ಕೆ ಬರುವವರೇ ಹೆಚ್ಚು ಎಂದರು. ನೋವಿಲ್ಲವಲ್ಲ ಎಂದು ಸುಮ್ಮನಿರುವುದೇ ದೊಡ್ಡ ಮೋಸ, ಇದು ಶುರುವಿಗೆ ನೋಯುವುದೇ ಅಪರೂಪ ಎಂದರು.

ಚಿಗವ್ವ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ನಾ ಜ್ವಾಳದ ರೊಟ್ಟಿ, ಕಾಯಿಪಲ್ಯ ತಿಂದ ಬೆಳದಾಕಿರಿ. ಪ್ಯಾಟಿ ತಿಂಡಿ ಮುಟ್ಟಿದಾಕಿ ಅಲ್ಲ. ನನಗ ಹ್ಯಾಂಗ ಬಂತ್ರಿ ಇದು?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಚಲೋ ಉಂಡೋರಿಗೂ ಬರತೈತ್ರಿ ಅವ್ವಾರ. ಆದ್ರ ಚಲೋ ಉಂಡ ಮೈ ಔಷಧಾ ತಡಕೋತೈತಿ. ನೀವು ಉಂಡದ್ದು ಎಲ್ಲೂ ಹೋಗಿಲ್ಲ, ಮುಂದ ಉಪಯೋಗಕ್ಕ ಬರತೈತಿ."

ಈ ಉತ್ತರ ಚಿಗವ್ವನಿಗೆ ಸರಿಯೆನಿಸಿತು. ಎಡದ ಮೊಲೆಯನ್ನು ತೆಗೆಯಬೇಕಾಗುತ್ತದೆ ಎಂದಾಗ ಅವಳು ಕಾಕಾನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಲಿಲ್ಲ. ಮಕ್ಕಳಿಗೆ ಹಾಲು ಕುಡಿಸಿ ಅದರ ಕೆಲಸ ಮುಗಿದು ಮೂವತ್ತು ವರ್ಷವಾಯಿತು, ತೆಗೆಯಿರಿ ಎಂದಳು. ಕಾಕಾ ಮಾತ್ರ ಹೊರಗೆ ಬಂದು ಬಹಳ ಹೊತ್ತು ನೀರಿನ ನಳದ ಹತ್ತಿರ ನಿಂತಿದ್ದರು.

ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದಳು. ಎಡಗೈ ಎತ್ತಲು ಆಗುತ್ತಿರಲಿಲ್ಲ. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ನಡೆಸಿ ದಿನಕ್ಕಿಷ್ಟು ಮೇಲೆ ಏರಿಸಬೇಕೆಂದು ದವಾಖಾನೆಯಲ್ಲಿ ಹೇಳಿಕೊಟ್ಟಿದ್ದರು. ಅವಳು ಬೆರಳು ತಲುಪಿದ ಕಡೆಗೆಲ್ಲ ಒಂದು ಕುಂಕುಮದ ಬೊಟ್ಟು ಇಡುತ್ತ ಹೋದಳು. ಪಡಸಾಲೆಯ ಗೋಡೆಯ ಮೇಲೆ ಸೊಂಟದೆತ್ತರದಿಂದ ಶುರುವಾದ ಬೊಟ್ಟುಗಳ ಸಾಲು ಎದೆ ದಾಟಿ, ಹೆಗಲು ದಾಟಿ, ದೀಪದ ಗೂಡಿನ ತನಕ ಹೋಯಿತು. ಮನೆಗೆ ಬಂದವರು ಇದು ಯಾವ ದೇವರ ವ್ರತ ಎಂದು ಕೇಳುತ್ತಿದ್ದರು.

ರೊಟ್ಟಿ ಬಡಿಯುವವರು ಯಾರು? ನನ್ನ ಅಪ್ಪ ಅವ್ವ ತೀರಿಕೊಂಡು, ಚಿಗವ್ವನ ಹೆಣ್ಣುಮಕ್ಕಳು ಗಂಡನ ಮನೆ ಸೇರಿ, ಮನೆಯಲ್ಲಿ ಉಳಿದದ್ದು ಇವರಿಬ್ಬರೇ. ಅರವತ್ತೈದು ವರ್ಷ ಒಲೆಯ ಮುಂದೆ ಕೂರದ ಕಾಕಾ ಕೂತರು. ನೂಲಿನ ಎಳೆ ಒಂದು ತಪ್ಪಿದರೆ ದೂರದಿಂದಲೇ ಕಂಡುಹಿಡಿಯುವ ಮನುಷ್ಯನಿಗೆ ರೊಟ್ಟಿ ಮಾತ್ರ ದುಂಡಗೆ ಬರಲೊಲ್ಲದು. ಮೊದಲ ವಾರದ ರೊಟ್ಟಿಗಳನ್ನು ನಾನು ಶಾಲೆಗೆ ಒಯ್ದಿದ್ದರೆ ಭೂಗೋಳದ ಪಾಠಕ್ಕೆ ಆಗುತ್ತಿತ್ತು. ಚಿಗವ್ವ ಗೋಡೆಗೆ ಒರಗಿ ಕುಳಿತು, ಬಡಿಯಬೇಡಿರಿ, ತಟ್ಟಿ ತಿರುವಿರಿ, ಮಗ್ಗದಲ್ಲಿ ಲಾಳಿ ಎಸೆದಂತೆ ಮೆತ್ತಗೆ ಎಂದು ಹೇಳಿಕೊಡುತ್ತಿದ್ದಳು. ಲಾಳಿಯ ಹೆಸರು ಕೇಳಿದ ಮೇಲೆ ಅವರ ಕೈಗೆ ಅರ್ಥವಾಯಿತು. ಶಿವರಾತ್ರಿಯ ಹೊತ್ತಿಗೆ ಅವರ ರೊಟ್ಟಿ ನನ್ನದಕ್ಕಿಂತ ತೆಳ್ಳಗೆ ಬರುತ್ತಿತ್ತು. ಇದನ್ನು ನಾನು ನಮ್ಮ ಮನೆಯವರ ಮುಂದೆ ಇನ್ನೂ ಒಪ್ಪಿಕೊಂಡಿಲ್ಲ.

ಆಮೇಲೆ ಕಿಮೋ. ಮೂರು ವಾರಕ್ಕೊಮ್ಮೆ, ಒಟ್ಟು ಆರು ಸಲ. ಮೊದಲ ಸಲ ಹೋದಾಗಲೇ ಡಾಕ್ಟರು ಚಿಗವ್ವನ ಮೇಲೆ ದೊಡ್ಡ ಬಾಂಬು ಹಾಕಿದರು: ಔಷಧ ಮುಗಿಯುವ ತನಕ ಹಸಿ ಸೊಪ್ಪು ತಿನ್ನಬಾರದು, ಏನಿದ್ದರೂ ಬೇಯಿಸಿದ್ದು, ಹಣ್ಣಾದರೆ ಚೆನ್ನಾಗಿ ತೊಳೆದು ಸಿಪ್ಪೆ ತೆಗೆದದ್ದು. ರಕ್ತದಲ್ಲಿ ಬಲ ಕಡಿಮೆಯಿದ್ದಾಗ ಸೋಂಕು ಬೇಗ ತಗಲುತ್ತದಂತೆ. ಮೊಲೆ ತೆಗೆಯುತ್ತೇವೆ ಎಂದಾಗ ಅಲುಗದ ಹೆಂಗಸು ಇದಕ್ಕೆ ಹೌಹಾರಿದಳು. ಸಂತೆಯ ತುಂಬ ಹಕ್ಕರಕಿ ಇದ್ದ ಕಾಲ ಅದು. ಕಾಕಾ ಅವಳ ಸಮಾಧಾನಕ್ಕೆ ಹಕ್ಕರಕಿಯನ್ನು ಬೇಯಿಸಿ ಪಲ್ಯ ಮಾಡಿದರು. ಅವಳು ಒಂದು ತುತ್ತು ತಿಂದು, ಇದನ್ನು ಮಾಡಿದ್ದು ಯಾರಿಗೂ ಹೇಳಬೇಡಿರಿ ಎಂದಳಂತೆ.

ಗಜೇಂದ್ರಗಡದಿಂದ ಹೊರಟ ಬಸ್ಸಿಗೆ ನಾನು ರೋಣದಲ್ಲಿ ಹತ್ತಿಕೊಳ್ಳುತ್ತಿದ್ದೆ. ನರಗುಂದದಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತಿತ್ತು. ಅಲ್ಲಿ ಚಿಗವ್ವನ ತಮ್ಮ ಬಸಪ್ಪ ಚಿಕ್ಕನರಗುಂದದಿಂದ ಮೋಟಾರ್ ಸೈಕಲ್ ಮೇಲೆ ಬಂದು ಕಾದಿರುತ್ತಿದ್ದ. ಅವನು ಮಾತಿನವನಲ್ಲ. ಹ್ಯಾಂಗದಿ ಎಂದು ಸಹ ಕೇಳುತ್ತಿರಲಿಲ್ಲ. ಹೊಲದಲ್ಲಿ ಆ ವಾರ ಬಂದದ್ದನ್ನು ಕಿಟಕಿಯಲ್ಲಿ ಒಳಗೆ ತುರುಕಿ, ಬಸ್ಸು ಹೊರಡುವ ತನಕ ಕಿಟಕಿಯ ಸರಳು ಹಿಡಿದು ನಿಂತಿರುತ್ತಿದ್ದ. ಮೊದಲ ಸಲ ಕಡಲೆಗಿಡ. ಎರಡನೆಯ ಸಲ ಬಾರೆಹಣ್ಣು. ಅದರ ಸಿಪ್ಪೆ ತೆಗೆಯುವುದು ಹೇಗೆಂದು ನಾವು ಹುಬ್ಬಳ್ಳಿಯ ತನಕ ಚರ್ಚಿಸಿ, ಕೊನೆಗೆ ನಾನೇ ಎಲ್ಲ ತಿಂದೆ. ಆಮೇಲೆ ಕಲ್ಲಂಗಡಿ, ಆಮೇಲೆ ಉಪ್ಪಿನಕಾಯಿಗೆಂದು ಹುಳಿ ಮಾವಿನಕಾಯಿ. ಬಾಯಿ ತುಂಬ ಹುಣ್ಣಾಗಿ ಅಂಬಲಿಯ ಹೊರತು ಏನೂ ಇಳಿಯದ ದಿನಗಳಲ್ಲಿ ಸಹ ಅವಳು ಆ ಮಾವಿನಕಾಯಿಯನ್ನು ಮೂಸಿ ನೋಡಿ ಮಡಿಲಲ್ಲಿ ಇಟ್ಟುಕೊಂಡಳು.

ಎಲ್ಲವೂ ಹೀಗೆ ಹಗುರವಾಗಿ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮೂರನೆಯ ಕಿಮೋದ ದಿನ ಬೆಳಿಗ್ಗೆ ಅವಳು ಏಳಲೇ ಇಲ್ಲ. ಕೂದಲೆಲ್ಲ ಉದುರಿತ್ತು. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಇನ್ನು ಸಾಕು, ನಾನು ಬರುವುದಿಲ್ಲ ಎಂದು ಗೋಡೆಯ ಕಡೆಗೆ ತಿರುಗಿ ಮಲಗಿದಳು. ಆ ಸಲ ನಾನು ಹಿಂದಿನ ಸಂಜೆಯೇ ಹೋಗಿ ಅಲ್ಲಿ ಉಳಿದಿದ್ದೆ. ಅಕ್ಕೋರ ದನಿಯಲ್ಲಿ ತಿಳಿಹೇಳಿದೆ, ಮಗಳ ದನಿಯಲ್ಲಿ ಅತ್ತೆ, ಏನೂ ಉಪಯೋಗವಾಗಲಿಲ್ಲ. ಕಾಕಾ ಮಗ್ಗದಿಂದ ಎದ್ದು ಬಂದರು. ಅವರಿಗೊಂದು ರೂಢಿಯಿತ್ತು: ಸೀರೆ ಮಗ್ಗದಿಂದ ಇಳಿದ ಕೂಡಲೇ ಮೊದಲು ಅವಳ ಮುಂದೆ ಬಿಚ್ಚಿ ತೋರಿಸುವುದು, ಅವಳು ಸೆರಗಿನ ಮೇಲೆ ಕೈಯಾಡಿಸಿ ಹೂಂ ಎಂದ ಮೇಲೆ ಮಡಿಕೆ ಹಾಕುವುದು. ನಲವತ್ತೈದು ವರ್ಷದಿಂದ ಹೀಗೇ ನಡೆದಿತ್ತು. ಅವರು ಹಾಸಿಗೆಯ ಅಂಚಿಗೆ ಕುಳಿತು ಅವಳ ಬೆನ್ನಿಗೆ ಹೇಳಿದರು.

"ನೀ ಇಲ್ಲದ ನಾ ನೇದದ್ದು ಯಾರಿಗೆ ತೋರಸ್ಲಿ?"

ಅಷ್ಟೇ ಹೇಳಿ ಹೋಗಿ ಅಂಗಿ ಹಾಕಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಬಳೆಗಳ ಸಪ್ಪಳ ಕೇಳಿಸಿತು. ಅವಳು ಎದ್ದು ತಲೆಗೆ ಸೆರಗು ಹೊದೆಯುತ್ತಿದ್ದಳು. ಆ ದಿನ ಬಸ್ಸು ತಪ್ಪಲಿಲ್ಲ.

ಆರನೆಯ ಸಲಕ್ಕೆ ಬಸಪ್ಪ ಕಿಟಕಿಯಲ್ಲಿ ಕೊಟ್ಟದ್ದು ನೇರಳೆಹಣ್ಣು. ಮಳೆ ಬಿದ್ದಿತ್ತು. ಮುಂದೆ ಕೆಲವು ವಾರ ಹುಬ್ಬಳ್ಳಿಯಲ್ಲೇ ಉಳಿದು ವಿಕಿರಣದ ಚಿಕಿತ್ಸೆಯೂ ಮುಗಿಯಿತು. ಈಗ ಗುಳಿಗೆ ಇದೆ, ಆರು ತಿಂಗಳಿಗೊಮ್ಮೆ ತಪಾಸಣೆ ಇದೆ. ಇಲ್ಲಿಯ ತನಕ ಎಲ್ಲ ನೆಟ್ಟಗಿದೆ. ಕೂದಲು ಬಂದಿದೆ, ಅದೂ ಗುಂಗುರಾಗಿ. ಹೋದ ಕೂದಲಿಗಿಂತ ಇದೇ ಚಲೋ ಎಂದು ಅವಳು ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದನ್ನು ನಾನು ನೋಡಿದ್ದೇನೆ.

ಉಳಿದದ್ದು ಕುಬಸದ ಸಮಸ್ಯೆ. ಒಂದು ಕಡೆ ಖಾಲಿ. ಹತ್ತಿ ತುಂಬಿ ನೋಡಿದಳು. ಹತ್ತಿ ಹಗುರ, ಮಾತಾಡುತ್ತ ಮಾತಾಡುತ್ತ ಹೆಗಲಿಗೆ ಏರುತ್ತಿತ್ತು. ಪೇಟೆಯಲ್ಲಿ ಸಿಗುವುದನ್ನು ತರಿಸಿದೆ. ಮೈ ಬೆವರುತ್ತದೆ ಎಂದಳು. ಕೊನೆಗೆ ಕಾಕಾ ಸೀರೆಯ ತುಂಡಿನಲ್ಲಿ ಅಳತೆಗೆ ಸರಿಯಾಗಿ ಒಂದು ಚೀಲ ಹೊಲಿದುಕೊಟ್ಟರು, ಅವಳು ಅದಕ್ಕೆ ನವಣೆ ತುಂಬಿದಳು. ಭಾರವೂ ಸರಿ, ಮೆತ್ತಗೂ ಸರಿ. ಒಂದು ದಿನ ಅದನ್ನು ಬಿಸಿಲಿಗೆ ಗೋಡೆಯ ಮೇಲೆ ಇಟ್ಟು ಒಳಗೆ ಹೋದಳು. ಬಂದು ನೋಡಿದರೆ ಗುಬ್ಬಿಗಳ ಹಿಂಡು ಚೀಲಕ್ಕೆ ತೂತು ಹಾಕಿ ಅರ್ಧ ಖಾಲಿ ಮಾಡಿತ್ತು. ಅಂದಿನಿಂದ ಅದು ಒಣಗುವ ತನಕ ಕಾಕಾ ಕೋಲು ಹಿಡಿದು ಕಾವಲು ಕೂರುತ್ತಾರೆ. ಓಣಿಯಲ್ಲಿ ಹೋಗುವವರು ಏನು ಕಾಯ್ತೀರಿ ಎಂದು ಕೇಳಿದರೆ, ನವಣಿ ಎಂದಷ್ಟೇ ಹೇಳುತ್ತಾರೆ. ಸುಳ್ಳಂತೂ ಅಲ್ಲ.

ಹೋದ ಚಳಿಗಾಲದಲ್ಲಿ ಶಕುಂತಲಾ ಮತ್ತೆ ಫೋನು ಮಾಡಿದಳು. ಸೂಡಿಯ ಅಂಗನವಾಡಿಯಲ್ಲಿ ಹೆಣ್ಣುಮಕ್ಕಳನ್ನು ಸೇರಿಸುತ್ತೇವೆ, ಅದೇ ವಿಷಯ, ನೀವು ಬರಬೇಕು ಎಂದಳು. ನಾನು ನನಗಿಂತ ತಿಳಿದವರನ್ನು ಕರೆತರುತ್ತೇನೆ, ಆದರೆ ಮೈಕು ಬೇಡ ಎಂದೆ. ಚಿಗವ್ವ ಅಲ್ಲಿ ಮಾತಾಡಿದ್ದು ಒಟ್ಟು ಕಾಲು ತಾಸು. ಮೊದಲ ವಾಕ್ಯದಲ್ಲೇ ಆ ಶಬ್ದ ಬಂತು. ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕಿಸಿಕಿಸಿ ನಕ್ಕರು. ಅವಳು ನಗು ಮುಗಿಯುವ ತನಕ ಕಾದಳು. ಆಮೇಲೆ ಕುಬಸದೊಳಗಿಂದ ನವಣೆಯ ಚೀಲವನ್ನು ತೆಗೆದು ಮುಂದಿನವಳ ಕೈಗೆ ಕೊಟ್ಟಳು. ನಗು ನಿಂತಿತು.

ಚೀಲದೊಳಗೆ ಅವಳು ಒಂದು ಹುಣಸೆಬೀಜ ಅಡಗಿಸಿದ್ದಳು. ಮೂರು ಬೆರಳಿನ ತುದಿಯಿಂದ, ಗೋಲಾಗಿ ಒತ್ತುತ್ತ, ಬಗಲಿನ ತನಕ ಹೇಗೆ ನೋಡಿಕೊಳ್ಳಬೇಕೆಂದು ತೋರಿಸಿ, ಬೀಜ ಹುಡುಕಿರಿ ಎಂದಳು. ತಿಂಗಳಿಗೊಮ್ಮೆ, ಮುಟ್ಟು ಮುಗಿದ ಮೇಲೆ. ಮುಟ್ಟು ನಿಂತವರು ಮರೆಯದ ಒಂದು ದಿನ ಹಿಡಿಯಿರಿ, ನಾನು ಹುಣ್ಣಿಮೆ ಹಿಡಿದಿದ್ದೇನೆ ಎಂದಳು. ಗಂಟಷ್ಟೇ ಅಲ್ಲ, ಚರ್ಮ ಎಳೆದು ಕುಳಿ ಬಿದ್ದರೆ, ತೊಟ್ಟು ಒಳಗೆ ಹೋದರೆ, ರಕ್ತ ಒಸರಿದರೆ, ನೋವಿರಲಿ ಬಿಡಲಿ ದವಾಖಾನೆಗೆ ಹೋಗಿರಿ ಎಂದಳು. ಇದು ಬರದಂತೆ ಏನು ತಿನ್ನಬೇಕು ಎಂದು ಒಬ್ಬಳು ಕೇಳಿದಳು. ನಾನು ಮುಕ್ಕಾಲು ತಾಸು ಹೇಳಿದ ವಿಷಯ ಅದು.

"ಬರದಂಗ ಮಾಡೋ ಪಲ್ಯ ಇನ್ನೂ ಯಾರ ಹೊಲದಾಗೂ ಬೆಳದಿಲ್ಲವಾ," ಎಂದಳು ಚಿಗವ್ವ. "ಕಾಲಕಾಲಕ್ಕ ಬಂದದ್ದು ಹೊಟ್ಟಿತುಂಬ ಉಣ್ರಿ, ಮೈ ಗಟ್ಟಿ ಇರತೈತಿ. ಆದ್ರ ಉಂಡೀನಿ ಅಂತ ಮುಟ್ಟಿ ನೋಡಿಕೊಳ್ಳೋದು ಬಿಡಬ್ಯಾಡ್ರಿ."

ಚೀಲ ಕೈಯಿಂದ ಕೈಗೆ ಹೋಯಿತು. ಬೀಜ ಸಿಕ್ಕವರು ಸಿಕ್ಕಿತು ಎನ್ನುತ್ತಿದ್ದರು. ಹೊಲದ ಕೂಲಿಗೆ ಹೋಗುವ ರೇಣವ್ವ ಎಂಬ ನಲವತ್ತರ ಹೆಂಗಸಿಗೂ ಸಿಕ್ಕಿತು. ಅವಳು ಅದನ್ನು ಮತ್ತೆ ಮತ್ತೆ ಒತ್ತಿ ನೋಡಿದಳು. ಎಲ್ಲರೂ ಎದ್ದುಹೋದ ಮೇಲೆ ಚೀಲ ಹಿಡಿದುಕೊಂಡು ಅಲ್ಲೇ ಕುಳಿತಿದ್ದಳು. ತನಗೂ ಇಂಥದೇ ಒಂದು ಸಿಗುತ್ತದೆ, ಬಲಗಡೆ, ಎಂದು ನೆಲ ನೋಡುತ್ತ ಹೇಳಿದಳು. ನಾನು ಹೆದರಬೇಡ, ಎಲ್ಲ ಗಂಟೂ ಅದೇ ಆಗಿರುವುದಿಲ್ಲ, ಆದರೆ ತೋರಿಸಬೇಕು ಎಂದು ಧೈರ್ಯ ಹೇಳಲು ಶುರುಮಾಡಿದೆ. ಅವಳು ತಲೆಯೆತ್ತಿ ನೋಡಿದಳು.

"ನೀವು ತೋರಿಸಿಕೊಂಡೀರೇನ್ರಿ ಅಕ್ಕೋರ?"

ನನಗೆ ಐವತ್ತು ದಾಟಿದೆ. ಹುಬ್ಬಳ್ಳಿಯ ಆ ದವಾಖಾನೆಯ ಬಾಗಿಲನ್ನು ಎಷ್ಟು ಸಲ ದಾಟಿದ್ದೇನೋ ಲೆಕ್ಕವಿಲ್ಲ. ಪರೀಕ್ಷೆಯ ಕೆಲಸ, ಜನಗಣತಿಯ ಕೆಲಸ, ಮನೆಗೆ ನೆಂಟರು, ಒಂದಲ್ಲ ಒಂದು. ನಿಜ ಹೇಳಬೇಕೆಂದರೆ ಹೆದರಿಕೆ. ಚಿಗವ್ವ ನನ್ನ ಮುಖವನ್ನು ನೋಡಿ ಉತ್ತರ ತಿಳಿದುಕೊಂಡಳು. ಬೈಯಲಿಲ್ಲ. ಸೋಮವಾರ ಇಬ್ಬರೂ ನಡೆಯಿರಿ, ನಾನೂ ಬರುತ್ತೇನೆ ಎಂದಳು.

ಸೋಮವಾರ ಗದಗಿನ ಒಂದು ದವಾಖಾನೆಯ ಮೊಗಸಾಲೆಯಲ್ಲಿ ನಾನೂ ರೇಣವ್ವನೂ ಒಂದೇ ಬೆಂಚಿನ ಮೇಲೆ ಕುಳಿತೆವು, ಚಿಗವ್ವ ಎದುರಿನ ಬೆಂಚಿನ ಮೇಲೆ. ಧೈರ್ಯ ಹೇಳುವವಳು ನಾನು. ಆದರೆ ಕೈ ಹಿಡಿದುಕೊಂಡವಳು ರೇಣವ್ವ. ಅವಳ ಅಂಗೈ ಕುಡಗೋಲು ಹಿಡಿದು ಹಿಡಿದು ಒರಟಾಗಿತ್ತು, ಬೆಚ್ಚಗಿತ್ತು. ಮೊದಲು ಅವಳನ್ನು ಒಳಗೆ ಕರೆದರು. ಆ ಯಂತ್ರ ಎರಡು ಹಲಗೆಗಳ ನಡುವೆ ಇಟ್ಟು ಅಮುಕಿ ಫೋಟೋ ತೆಗೆಯುತ್ತದೆ. ಹೊರಬಂದವಳನ್ನು ಹೇಗಾಯಿತು ಎಂದು ಕೇಳಿದೆ.

"ರೊಟ್ಟಿ ತಟ್ಟಿದಂಗ ತಟ್ಟಿದ್ರಿ," ಎಂದಳು. "ಹಂಚಿಗೆ ಹಾಕೋದೊಂದ ಬಾಕಿ ಇತ್ತು."

ನಾನು ನಗುತ್ತಲೇ ಒಳಗೆ ಹೋದೆ. ನಗುವಿನಲ್ಲಿ ಹೆದರಿಕೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ನನ್ನಲ್ಲಿ ಏನೂ ಇರಲಿಲ್ಲ. ರೇಣವ್ವನ ಗಂಟಿಗೆ ಸೂಜಿ ಚುಚ್ಚಿ ನೋಡಿದರು; ವಾರದ ಮೇಲೆ ವರದಿ ಬಂತು. ಅಪಾಯದ್ದಲ್ಲ, ಸಾದಾ ಗಂಟು, ಆರು ತಿಂಗಳು ಬಿಟ್ಟು ಮತ್ತೆ ತೋರಿಸಲಿ ಎಂದಿತ್ತು. ಫೋನಿನಲ್ಲಿ ಅವಳಿಗೆ ಓದಿ ಹೇಳಿದೆ. ಆ ಕಡೆಯಿಂದ ಕೇಳಿಸಿದ್ದು ಅವಳು ಮೂಗು ಸೀಟಿಕೊಂಡ ಸಪ್ಪಳ, ಮತ್ತು ಕೂಲಿಗೆ ಹೊತ್ತಾಯಿತು ಎಂಬ ಮಾತು.

ಅದಾಗಿ ಹದಿನೈದು ದಿನಕ್ಕೆ, ನಾನು ತರಗತಿಯಲ್ಲಿದ್ದಾಗ, ರೇಣವ್ವನೇ ಫೋನು ಮಾಡಿದಳು. ಸೂಡಿಯ ಹೆಣ್ಣುಮಕ್ಕಳು ನಾಳೆ ಗದಗಿಗೆ ಹೋಗಿ ತೋರಿಸಿಕೊಳ್ಳುತ್ತಾರಂತೆ. ಪುರ್ತಗೇರಿಯಿಂದಲೂ ಇಬ್ಬರು ಬರುತ್ತಾರಂತೆ. ಒಂದು ಟೆಂಪೋ ಗೊತ್ತುಮಾಡಿಕೊಡಬೇಕಂತೆ. ಚಿಗವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಬೇಕಂತೆ. ಎಷ್ಟು ಜನ ಎಂದು ಕೇಳಿದೆ.

"ಹನ್ನೊಂದು ಮಂದಿ ಪಕ್ಕಾರಿ. ಹನ್ನೆರಡನೇದಾಕಿ ನಮ್ಮತ್ತಿ. ಈ ವಯಸ್ಸಿನ್ಯಾಗ ನನಗ್ಯಾಕ, ನಾ ಒಲ್ಲೆ ಅಂತಾಳ್ರಿ. ಆದ್ರ ಮುಂಜಾನಿಂದ ಹನ್ನೆರಡ ಮಂದಿಗೆ ರೊಟ್ಟಿ ಬಡಿಯಾಕ ಹತ್ಯಾಳ."

ನಾನು ಟೆಂಪೋದವನಿಗೆ ಹನ್ನೆರಡು ಜನ ಎಂದೇ ಹೇಳಿದೆ.